ಹವಾಮಾನ ಬೇರೆ, ವಾಯುಗುಣ ಬೇರೆ



ಕನ್ನಡ ತರಗತಿಯಲ್ಲಿ ಋತುಗಳ ಪಾಠ ನಡೆಯುತ್ತಿದ್ದಾಗ ಒಬ್ಬ ಹುಡುಗ ಕೈ ಎತ್ತಿ ಕೇಳಿದ: "ಟೀಚರ್, ಈ ಮರುಭೂಮಿ ಒಂದು ಕಾಲದಲ್ಲಿ ಹಸಿರಾಗಿತ್ತಂತೆ. ಹವಾಮಾನ ಯಾವಾಗಲೂ ಬದಲಾಗುತ್ತಲೇ ಇತ್ತು ಅಂದಮೇಲೆ ಈಗ ಮಾತ್ರ ಎಲ್ಲರೂ ಯಾಕೆ ಹೆದರುತ್ತಾರೆ?" ಬಹಳ ಒಳ್ಳೆಯ ಪ್ರಶ್ನೆ. ಆದರೆ ಅಷ್ಟರಲ್ಲಿ ಗಂಟೆ ಹೊಡೆಯಿತು, ಉತ್ತರ ಅರ್ಧಕ್ಕೇ ನಿಂತಿತು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಪದಗಳು

ಮೊದಲು ಪದಗಳನ್ನು ಸರಿಯಾಗಿ ತಿಳಿದುಕೊಳ್ಳೋಣ. ಇಂದು ಬಿಸಿಲೇ, ಮೋಡವೇ, ಗಾಳಿಯೇ ಎಂಬುದು ಹವಾಮಾನ. ಒಂದು ಪ್ರದೇಶದ ಹವಾಮಾನವನ್ನು ಬಹಳ ವರ್ಷ, ಸಾಮಾನ್ಯವಾಗಿ 30 ವರ್ಷ, ಗಮನಿಸಿದಾಗ ಸಿಗುವ ಸರಾಸರಿ ಮತ್ತು ಏರಿಳಿತದ ಚಿತ್ರವೇ ವಾಯುಗುಣ. 2007ರ ಜೂನ್‌ನಲ್ಲಿ ಮಸ್ಕತ್ತನ್ನು ನಡುಗಿಸಿದ ಗೋನು ಚಂಡಮಾರುತ ಹವಾಮಾನ. ಮಸ್ಕತ್ತಿನಲ್ಲಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್, ನಮ್ಮ ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಎಂಬುದು ವಾಯುಗುಣ. ಪತ್ರಿಕೆಗಳು ಎರಡಕ್ಕೂ 'ಹವಾಮಾನ' ಎಂದೇ ಬರೆಯುವುದರಿಂದ ಗೊಂದಲವಾಗುತ್ತದೆ. ಅಂದಹಾಗೆ, 'ಹವಾ' ನಾವು ಈಗ ವಾಸಿಸುವ ಈ ನಾಡಿನ ಅರಬ್ಬಿ ಭಾಷೆಯಿಂದಲೇ ಕನ್ನಡಕ್ಕೆ ಬಂದ ಪದ!

ನಮ್ಮ ಅಜ್ಜಂದಿರು 'ವಾಯುಗುಣ' ಎಂಬ ಪದ ಬಳಸದಿದ್ದರೂ ಅದನ್ನು ಚೆನ್ನಾಗಿ ಬಲ್ಲವರಾಗಿದ್ದರು. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಹದಿಮೂರು-ಹದಿನಾಲ್ಕು ದಿನಗಳ ಒಂದೊಂದು ಮಳೆ ನಕ್ಷತ್ರಕ್ಕೂ ಅವರಲ್ಲಿ ಒಂದೊಂದು ಕೆಲಸವಿತ್ತು: ಉಳುವುದು, ಬಿತ್ತುವುದು, ನಾಟಿ ಮಾಡುವುದು. ತಲೆಮಾರುಗಳ ಅನುಭವದ ಸರಾಸರಿ ಅದು.

ಗುಹೆ ಹೇಳುವ ಕಥೆ

ಹಾಗಾದರೆ ಈ ಮರುಭೂಮಿ ನಿಜವಾಗಿ ಹಸಿರಾಗಿತ್ತೇ? ಹೌದು. ನಿಮ್ಮಲ್ಲಿ ಕೆಲವರು ಜಬಲ್ ಅಖ್ದರ್ ಪರ್ವತದ ಬುಡದಲ್ಲಿ, ಅಲ್ ಹಮ್ರಾ ಬಳಿ ಇರುವ ಅಲ್ ಹೂತಾ ಗುಹೆಯನ್ನು ನೋಡಿರಬಹುದು. ಅಲ್ಲಿ ನೆಲದಿಂದ ಮೇಲಕ್ಕೆ ಬೆಳೆದ ಸುಣ್ಣದ ಕಂಬಗಳಿವೆ. ಮಳೆನೀರು ಬಂಡೆಯ ಮೂಲಕ ಇಳಿದು ತೊಟ್ಟಿಕ್ಕಿದಾಗ ಮಾತ್ರ ಅವು ಪದರ ಪದರವಾಗಿ ಬೆಳೆಯುತ್ತವೆ. ಪದರಗಳಲ್ಲಿರುವ ಯುರೇನಿಯಂ ಬಹಳ ನಿಧಾನವಾಗಿ ಥೋರಿಯಂ ಆಗಿ ಬದಲಾಗುವುದರಿಂದ ಎರಡರ ಪ್ರಮಾಣ ಅಳೆದು ಅವುಗಳ ವಯಸ್ಸು ಹೇಳಬಹುದು. ಹೀಗೆ ಅಳೆದಾಗ ಸುಮಾರು 10,000ದಿಂದ 6,000 ವರ್ಷಗಳ ಹಿಂದೆ ಇಲ್ಲಿ ಈಗಿಗಿಂತ ಬಹಳ ಹೆಚ್ಚು ಮಳೆ ಬೀಳುತ್ತಿತ್ತೆಂದು ತಿಳಿಯಿತು. ಸುಮಾರು 1,25,000 ವರ್ಷಗಳ ಹಿಂದೆಯೂ ಅಂಥದೇ ಕಾಲವಿತ್ತು. ಸೌದಿ ಅರೇಬಿಯಾದ ನಫೂದ್ ಮರಳುಗಾಡಿನಲ್ಲಿ ನೀರಾನೆಯ ಪಳೆಯುಳಿಕೆಗಳೇ ಸಿಕ್ಕಿವೆ!

ಈ ಬದಲಾವಣೆಗೆ ಕಾರಣ ತಿಳಿಯಲು ನಮ್ಮ ಸಂಕ್ರಾಂತಿ ಸಹಾಯ ಮಾಡುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ರಂದು. ಆದರೆ ಉತ್ತರಾಯಣದ ಹಬ್ಬವನ್ನು ನಾವು ಜನವರಿ 14-15ರಂದು ಮಾಡುತ್ತೇವೆ. ಯಾಕೆ? ಭೂಮಿಯ ಅಕ್ಷ ಬುಗುರಿಯಂತೆ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು. ಇದರಿಂದ ನಕ್ಷತ್ರಗಳ ಲೆಕ್ಕಕ್ಕೂ ಋತುಗಳ ಲೆಕ್ಕಕ್ಕೂ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ವ್ಯತ್ಯಾಸ ಬೀಳುತ್ತದೆ. ಒಂದೂವರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲದಲ್ಲಿ ಅದೇ ಇಪ್ಪತ್ತಮೂರು-ಇಪ್ಪತ್ತನಾಲ್ಕು ದಿನವಾಗಿದೆ.

ಭೂಮಿ ಈಗ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಆರಂಭದಲ್ಲಿ. ಸುಮಾರು 10,000 ವರ್ಷಗಳ ಹಿಂದೆ ಇದೇ ಓಲಾಟದಿಂದಾಗಿ ನಮ್ಮ ಬೇಸಿಗೆಯಲ್ಲಿ ಹತ್ತಿರ ಬರುತ್ತಿತ್ತು. ಆಗ ನೆಲ ಹೆಚ್ಚು ಕಾದು, ಮಾನ್ಸೂನ್ ಗಾಳಿ ಇನ್ನೂ ಉತ್ತರಕ್ಕೆ ನುಗ್ಗಿ ಅರೇಬಿಯಾಕ್ಕೆ ಮಳೆ ತಂದಿತು. ಆಮೇಲೆ ಸಾವಿರಾರು ವರ್ಷಗಳಲ್ಲಿ ನಿಧಾನವಾಗಿ ಹಿಂದೆ ಸರಿಯಿತು. ಅದು ಇಂದಿಗೂ ಮುಟ್ಟುವ ಅಂಚು ಸಲಾಲಾ. ಅಲ್ಲಿನ ಮಳೆಗಾಲಕ್ಕೆ 'ಖರೀಫ್' ಎನ್ನುತ್ತಾರೆ. ನಮ್ಮ ರೈತರ 'ಖಾರಿಫ್ ಬೆಳೆ'ಯ ಮೂಲವೂ ಅದೇ ಪದ.

ಈಗ ಆಗುತ್ತಿರುವುದೇನು?

ಈಗ ಹುಡುಗನ ಪ್ರಶ್ನೆಗೆ ಬರೋಣ. ವಾಯುಗುಣ ಹಿಂದೆಯೂ ಬದಲಾಗಿದೆ, ನಿಜ. ಆದರೆ ವೇಗ ನೋಡಿ. ಹಿಮಯುಗದ ಕೊನೆಯಲ್ಲಿ ಭೂಮಿಯ ಸರಾಸರಿ ಉಷ್ಣತೆ ಸುಮಾರು 5 ಡಿಗ್ರಿ ಏರಲು ಹತ್ತು ಸಾವಿರ ವರ್ಷಗಳಷ್ಟು ಬೇಕಾಯಿತು. ಅಂದರೆ 2,000 ವರ್ಷಕ್ಕೆ ಒಂದು ಡಿಗ್ರಿ. ಈಗ ಸುಮಾರು 150 ವರ್ಷಗಳಲ್ಲೇ ಒಂದು ಡಿಗ್ರಿಗಿಂತ ಹೆಚ್ಚು ಏರಿದೆ. 2024ರ ಸರಾಸರಿಯಂತೂ 1850-1900ರ ಅವಧಿಗಿಂತ ಸುಮಾರು 1.5 ಡಿಗ್ರಿ ಹೆಚ್ಚಿತ್ತು.

ಕಾರಣವೂ ಬೇರೆ. ಅಕ್ಷದ ಓಲಾಟ ಇಷ್ಟು ಬೇಗ ಏನನ್ನೂ ಮಾಡಲಾರದು. ಉಪಗ್ರಹಗಳು ಸೂರ್ಯನ ಶಾಖವನ್ನು 1978ರಿಂದ ಅಳೆಯುತ್ತಿವೆ, ಅದೂ ಹೆಚ್ಚಾಗಿಲ್ಲ. ಹೆಚ್ಚಾಗಿರುವುದು ಕಲ್ಲಿದ್ದಲು, ತೈಲ, ಅನಿಲಗಳನ್ನು ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್. ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಅದರ ಪಾಲು ಸುಮಾರು 280. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಪರ್ವತದ ಮೇಲೆ ಅಳೆಯಲು ಆರಂಭಿಸಿದಾಗ ಸುಮಾರು 315. ಈಗ 420ನ್ನೂ ದಾಟಿದೆ. ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಯನ್ನು ಪರೀಕ್ಷಿಸಿದರೆ, ಕೈಗಾರಿಕಾ ಯುಗಕ್ಕೆ ಹಿಂದಿನ 8 ಲಕ್ಷ ವರ್ಷಗಳಲ್ಲಿ ಅದು 300ನ್ನು ಮೀರಿದ್ದೇ ಇಲ್ಲ.

"ಹಾಗಾದರೆ ಮಳೆ ಬಂದು ಮತ್ತೆ ಹಸಿರಾಗಲಿ ಬಿಡಿ" ಎನ್ನಬಹುದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಹಾಗಾಗಿ ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಆ ನೀರು ವಾದಿಗಳಲ್ಲಿ ಕಾರುಗಳನ್ನು ಕೊಚ್ಚಿಕೊಂಡು ಕಡಲು ಸೇರುತ್ತದೆಯೇ ಹೊರತು ಹುಲ್ಲು ಬೆಳೆಸುವುದಿಲ್ಲ. ಹಿಂದಿನ ಜನರಿಗೆ ಕುರಿಮಂದೆಯೊಡನೆ ನೀರಿರುವಲ್ಲಿಗೆ ಹೋಗಲು ನೂರಾರು ತಲೆಮಾರುಗಳಷ್ಟು ಸಮಯವಿತ್ತು. ನಾವು ನಗರ, ಬಂದರು, ಅಡಿಕೆ ತೋಟಗಳನ್ನು ಹೊತ್ತುಕೊಂಡು ಹೋಗಲಾಗದು.

ಊರಿಗೆ ಫೋನ್ ಮಾಡಿದಾಗಲೆಲ್ಲ ನಮ್ಮ ತಂದೆ, "ಪಂಚಾಂಗದಲ್ಲಿ ಆರಿದ್ರಾ ಹುಟ್ಟಿದೆ, ಆಕಾಶದಲ್ಲಿ ಇನ್ನೂ ಇಲ್ಲ" ಎನ್ನುತ್ತಾರೆ. ಒಂದು ವರ್ಷ ಹೀಗಾದರೆ ಅದು ಹವಾಮಾನ. ಪದೇ ಪದೇ ಹೀಗಾದರೆ ಅಜ್ಜ ಕಲಿಸಿದ ಲೆಕ್ಕವೇ ಮೊಮ್ಮಗನ ಕೈ ಬಿಡುತ್ತದೆ.

ಮಕ್ಕಳೇ, ನಿಮಗೊಂದು ಕೆಲಸ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿದಿನದ ಉಷ್ಣತೆ ಬರೆಯಿರಿ, ಅದು ಹವಾಮಾನ. ರಜೆಗೆ ಊರಿಗೆ ಹೋದಾಗ ಅಜ್ಜ-ಅಜ್ಜಿಯರನ್ನು ಅವರ ಬಾಲ್ಯದ ಮಳೆಗಾಲದ ಬಗ್ಗೆ ಕೇಳಿ, ಅದನ್ನೂ ಬರೆಯಿರಿ. ಪೋಷಕರೇ, ದಯವಿಟ್ಟು ಆ ಮಾತುಕತೆಗೆ ಸಮಯ ಮಾಡಿಕೊಡಿ. 30 ವರ್ಷದ ನಂತರ ಆ ಪುಸ್ತಕ ತೆರೆದಾಗ ನಿಮ್ಮ ಮುಂದಿರುವುದೇ ವಾಯುಗುಣ. ಅದು ಹೇಗಿರಬೇಕೆಂಬುದರಲ್ಲಿ ನಮ್ಮೆಲ್ಲರ ಪಾಲೂ ಇದೆ.