ನೀರು ಇಳಿದ ಮೇಲೆ ಬನ್ನಿ

ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ನೋಡಲು ಜನ ಮುಗಿಬೀಳುವುದು ಮಳೆಗಾಲದಲ್ಲಿ. ಹೇಮಾವತಿಯ ಗೊರೂರು ಅಣೆಕಟ್ಟೆ ತುಂಬಿ, ಹಿನ್ನೀರು ಕಮಾನುಗಳ ಒಳಗೆ ನುಗ್ಗಿ, ಕಟ್ಟಡ ಅರ್ಧ ಮುಳುಗಿರಬೇಕು. ಫೋಟೊ ಚೆಂದ ಬರುವುದು ಆಗಲೇ. ಹಕ್ಕಿ ನೋಡುವವರು ಬರಬೇಕಾದ ಕಾಲ ಬೇರೆ. ನೀರು ಹಿಂದೆ ಸರಿದು, ಚರ್ಚಿನ ಸುತ್ತ ಕೆಸರು ಬಿರಿದು, ಎಳೆ ಹುಲ್ಲು ಚಿಗುರಿ, ದನಗಳು ಮೇಯಲು ಇಳಿಯಬೇಕು. ಹಾಸನದ ಕಡೆ ಹಕ್ಕಿ ನೋಡಲು ಎಲ್ಲಿಗೆ ಹೋಗಬೇಕು ಎಂದು ಕೇಳುವ ಸ್ನೇಹಿತರಿಗೆ ನಾನು ಜಾಗದ ಹೆಸರು ಹೇಳುವ ಮೊದಲು ಕೇಳುವುದು ಒಂದೇ: ಇವತ್ತು ಗೊರೂರಿನಲ್ಲಿ ನೀರಿನ ಮಟ್ಟ ಎಷ್ಟಿದೆ?

ಅದು ಪತ್ರಿಕೆಯಲ್ಲೇ ಸಿಗುತ್ತದೆ. ಗರಿಷ್ಠ ಮಟ್ಟ 2,922 ಅಡಿ, ಸಂಗ್ರಹ 37.10 ಟಿಎಂಸಿ. ನಾಲೆಗೆ ನೀರು ಬಿಟ್ಟಾರೋ ಇಲ್ಲವೋ ಎಂದು ರೈತರು ಹುಡುಕುವ ಆ ಅಂಕಿಯೇ ನಮಗೂ ಪಂಚಾಂಗ. ತುಂಬಿದ ಜಲಾಶಯದಲ್ಲಿ ಕೊಕ್ಕರೆಗೆ ಕಾಲೂರಲು ಜಾಗವಿಲ್ಲ, ಕೆದಕಲು ಕೆಸರಿಲ್ಲ. ಬೇಸಿಗೆಯತ್ತ ನೀರು ಅಡಿ ಅಡಿಯಾಗಿ ಇಳಿದಂತೆ ಹುಳು, ಬಸವನಹುಳು, ಸಣ್ಣ ಮೀನುಗಳಿರುವ ಹೊಸ ಅಂಚು ವಾರವಾರವೂ ತೆರೆದುಕೊಳ್ಳುತ್ತದೆ. ಬಾಯ್ಕಳಕ, ಕೆಂಬರಲು, ಬೆಳ್ಳಕ್ಕಿ ಆ ಅಂಚಿನ ಜೊತೆಗೇ ಸರಿಯುತ್ತವೆ. ಜಲಾಶಯದ ಭೂಪಟದಲ್ಲಿ ಒಂದು ಚುಕ್ಕೆ ಇಟ್ಟು ‘ಇಲ್ಲಿ ಹಕ್ಕಿ ಇದೆ’ ಎಂದು ಹೇಳಲು ಬರುವುದಿಲ್ಲ. ಆ ಚುಕ್ಕೆ ದಿನವೂ ನಡೆಯುತ್ತಿರುತ್ತದೆ.

ಈ ದಡಕ್ಕೆ ಹೆಚ್ಚು ವಯಸ್ಸಾಗಿಲ್ಲ. ಅಣೆಕಟ್ಟೆಯ ಕೆಲಸ ಮುಗಿದದ್ದು 1979ರಲ್ಲಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚಿನ ಜೊತೆ ಸುತ್ತಲಿನ ಊರುಗಳೂ ಹೊಲಗಳೂ ಹೋದವು. ಬೈನಾಕ್ಯುಲರ್ ಹಿಡಿದು ನಾನು ನಿಲ್ಲುವ ನೆಲದಲ್ಲಿ ಯಾರೋ ರಾಗಿ ಬೆಳೆದಿದ್ದರು. ಹಕ್ಕಿಗಳ ಸಂಭ್ರಮದ ನಡುವೆಯೂ ಅದನ್ನು ಮರೆಯಲು ನನಗೆ ಆಗಿಲ್ಲ.

ಮನುಷ್ಯ ನೀರಿಗೆ ಅಡ್ಡ ಕಟ್ಟಿದಲ್ಲಿ ಹಕ್ಕಿ ಬಂದು ಸೇರುವುದು ನಮ್ಮ ನಾಡಿನ ಹಳೆಯ ಕಥೆ. ರಂಗನತಿಟ್ಟಿನ ನಡುಗಡ್ಡೆಗಳು ಮೂಡಿದ್ದು 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದಿದ್ದ ಸಲೀಂ ಅಲಿ ಅಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳನ್ನು ಕಂಡು ಅರಸರಿಗೆ ಹೇಳಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಅದೇ ನದಿಯನ್ನು ಮೇಲಕ್ಕೆ ಹಿಡಿದು ಬಂದರೆ ಅರಕಲಗೂಡು ತಾಲ್ಲೂಕಿನ ಕಟ್ಟೇಪುರದಲ್ಲೂ ಒಂದು ಹಳೆಯ ಕಟ್ಟೆ ಇದೆ. ಹೇಮಾವತಿಗೆ ಹೊಳೆನರಸೀಪುರದ ಶ್ರೀರಾಮದೇವರ ಕಟ್ಟೆ ಇದೆ. ಇಲ್ಲಿ ಟಿಕೆಟ್ ಇಲ್ಲ, ದೋಣಿ ಇಲ್ಲ. ಬೆಳಿಗ್ಗೆ ಆರಕ್ಕೆ ಕಟ್ಟೆಯ ಕಲ್ಲಿನ ಮೇಲೆ ಸದ್ದಿಲ್ಲದೆ ಕೂತರೆ ಸಾಕು: ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ, ಕಪ್ಪುಬಿಳಿ ಮಿಂಚುಳ್ಳಿ ಗಾಳಿಯಲ್ಲಿ ನಿಂತಲ್ಲೇ ನಿಂತು ಕಲ್ಲಿನಂತೆ ನೀರಿಗೆ ಬೀಳುತ್ತದೆ.

ಅರಕಲಗೂಡಿನ ಕಡೆ ನನಗೆ ಅಚ್ಚುಮೆಚ್ಚು ರಾಮನಾಥಪುರ. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯ ಮೀನುಗಳನ್ನು ಭಕ್ತರು ಹಿಡಿಯುವುದಿಲ್ಲ, ಪುರಿ ಎರಚಿ ಸಾಕುತ್ತಾರೆ. ದೇವರ ಮೀನು ಎಂಬ ನಂಬಿಕೆ ಮೀನಿಗಷ್ಟೇ ಕಾವಲಾಗಿ ನಿಂತಿಲ್ಲ. ಬಲೆ ಬೀಳದ, ಸದ್ದಿಲ್ಲದ ಹೊಳೆಯ ದಡ ಹಕ್ಕಿಗೂ ಬೇಕಾದದ್ದೇ.

ಚನ್ನರಾಯಪಟ್ಟಣದ ಕಡೆ ಮಾತ್ರ ಹೊಳೆಯನ್ನು ಮರೆತು ಕೆರೆ ಹಿಡಿಯಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿ ಸುತ್ತ ನೋಡಿ. ತೆಂಗಿನ ತೋಟಗಳ ನಡುವೆ ಹೊಳೆಯುವುದೆಲ್ಲ ಕೆರೆ. ಹೇಮಾವತಿ ನಾಲೆಯ ನೀರು ತಲುಪಿದ ಕೆರೆಯಲ್ಲಿ ನಾಮದ ಕೋಳಿ, ದೇವನಕ್ಕಿ, ಚಳಿಗಾಲದಲ್ಲಿ ಉತ್ತರದಿಂದ ಬರುವ ಬಾತುಗಳಿಗೆ ಆಸರೆಯಿದೆ. ತಲುಪದ ಕೆರೆಯಲ್ಲಿ ಜಾಲಿ ಬೆಳೆದಿರುತ್ತದೆ, ಅಲ್ಲಿ ಕಳ್ಳಿಪೀರ, ಪಿಕಳಾರ. ಎರಡೂ ನೋಡುವಂಥವೇ.

ಇನ್ನು ಹೆಸರಿನ ಮಾತು. ‘ಹಕ್ಕಿ’ ಎಂದು ಸುಮ್ಮನಾಗುತ್ತಿದ್ದ ಕನ್ನಡ ಓದುಗರ ಕೈಗೆ ಒಂದೊಂದರ ಹೆಸರು, ಚಿತ್ರ, ಚಾಳಿ ಕೊಟ್ಟವರು ಪೂರ್ಣಚಂದ್ರ ತೇಜಸ್ವಿ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ತೇಜಸ್ವಿ ಬದುಕಿದ್ದು, ‘ಕನ್ನಡ ನಾಡಿನ ಹಕ್ಕಿಗಳು’ ಬರೆದದ್ದು ಅದೇ ಸೀಮೆಯಲ್ಲಿ. ಹೊಳೆಯೂ ಹಕ್ಕಿಯ ಹೆಸರುಗಳೂ ಒಂದೇ ಕಡೆಯಿಂದ ಇಳಿದು ಬಂದವು ಎಂದುಕೊಳ್ಳುವುದು ನನಗೆ ಇಷ್ಟ. ಚೀಲದಲ್ಲಿ ಇವತ್ತಿಗೂ ಆ ಪುಸ್ತಕ ಇರುತ್ತದೆ. ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಮೊಬೈಲ್‌ನಲ್ಲಿದೆ, ಆದರೆ ಅದು ಹೇಳಿದ್ದನ್ನು ಕಣ್ಣಿಂದ ನೋಡದೆ ನಾನು ಬರೆದುಕೊಳ್ಳುವುದಿಲ್ಲ.

ಬರೆದುಕೊಂಡದ್ದನ್ನು ಹಂಚಿಕೊಳ್ಳಲು 2002ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಶುರುವಾದ ಇ-ಬರ್ಡ್ ಇದೆ. ಎಲ್ಲಿ, ಎಷ್ಟು ಹೊತ್ತು, ಯಾವ ಹಕ್ಕಿ, ಎಷ್ಟು: ಇಷ್ಟೇ. 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ಹೊರಬಂದದ್ದು ಹೀಗೆ ಸುಮಾರು 30,000 ಜನ ಬರೆದಿಟ್ಟ ಮೂರು ಕೋಟಿಗೂ ಹೆಚ್ಚು ದಾಖಲೆಗಳಿಂದ. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ ಎಂಬ ಕಹಿ ಸುದ್ದಿಯೂ ಅದರಲ್ಲೇ ತಿಳಿದದ್ದು. ನೀವು ಹೊಳೆನರಸೀಪುರದ ಗದ್ದೆ ಬಯಲಲ್ಲಿ ತಂತಿಯ ಮೇಲೆ ಒಂದೇ ಒಂದು ನೀಲಕಂಠ ಕಂಡರೂ ದಯವಿಟ್ಟು ಬರೆಯಿರಿ. ಕಾಣದೇ ಹೋದ ದಿನವೂ ಉಳಿದದ್ದನ್ನೆಲ್ಲ ಬರೆಯಿರಿ.

ಒಂದು ಎಚ್ಚರಿಕೆ ಇದೆ. ಮಾರ್ಚ್‌ನಿಂದ ಹಿನ್ನೀರಿನ ಒಣ ದಿಬ್ಬಗಳೇ ತೊಟ್ಟಿಲು. ಭದ್ರಾ ಜಲಾಶಯದ ನಡುಗಡ್ಡೆಯಲ್ಲಿ ನದಿ ರೀವಗಳು ಗುಂಪುಗೂಡಿ ನೆಲದ ಮೇಲೇ ಮೊಟ್ಟೆಯಿಡುವುದನ್ನು ನೋಡಿದವರಿಗೆ ಇದು ಗೊತ್ತು. ಗೊರೂರಿನ ಹಿನ್ನೀರಲ್ಲಿ ಒಮ್ಮೆ ನಾನು ಕ್ಯಾಮೆರಾದಲ್ಲಿ ಕಣ್ಣಿಟ್ಟು ಮುಂದೆ ನಡೆಯುತ್ತಿದ್ದಾಗ, ದನ ಕಾಯುತ್ತಿದ್ದ ಹಿರಿಯರೊಬ್ಬರು ಕೋಲು ಅಡ್ಡ ಹಿಡಿದರು.

“ಅಲ್ಲಿ ಕಾಲಿಡಬ್ಯಾಡಿ ಸ್ವಾಮಿ, ತೇನಕ್ಕಿ ಮೊಟ್ಟೆ ಇಕ್ಕೈತೆ.”

ಅವರು ತೋರಿಸಿದ ಕಡೆ ಬಗ್ಗಿ ನೋಡಿದೆ. ಬರೀ ಕಲ್ಲು, ಸೆಗಣಿ ಹೆಂಟೆ. ಕೋಲಿನ ತುದಿಯನ್ನು ಅವರು ಇನ್ನೊಂದು ಗೇಣು ಹತ್ತಿರ ತಂದ ಮೇಲೆ ಕಂಡವು: ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ, ನನ್ನ ಚಪ್ಪಲಿಗೆ ಒಂದು ಹೆಜ್ಜೆ ದೂರದಲ್ಲಿ.