ಕಾಂಡ್ಲಾ ಕಾಡೂ ಮುಂಬಯಿಯ ಕೆಸರೂ

ಹಾರ್ಬರ್ ಮಾರ್ಗದಲ್ಲಿ ಮಾನಖುರ್ದವನ್ನು ದಾಟಿ ವಾಶಿಗೆ ಹೋಗಿಬರುವ ನಮ್ಮ ಗುಮಾಸ್ತ ಬಂಧುಗಳು ಖಾಡಿಯ ದಡದಲ್ಲಿ ದಟ್ಟವಾಗಿ ಬೆಳೆದ ಹಸಿರು ಪೊದೆಗಳನ್ನು ನಿತ್ಯವೂ ಕಾಣುತ್ತಾರೆ. ಭರತದ ವೇಳೆಗೆ ಅವು ಕತ್ತಿನವರೆಗೆ ನೀರಿನಲ್ಲಿ ನಿಂತಿರುತ್ತವೆ. ಇಳಿತವಾದರೆ ಕರಿಯ ಕೆಸರು, ಕೆಸರಿನಿಂದ ಮೇಲಕ್ಕೆ ಚಾಚಿದ ಅಸಂಖ್ಯ ಮೊನಚು ಬೇರುಗಳು, ಜೊತೆಗೆ ಒಂದಿಷ್ಟು ದುರ್ಗಂಧ. ಮರಾಠಿಗರು ತಿವರವೆನ್ನುವ ಈ ಮರ ಕುಮಟೆ, ಕುಂದಾಪುರದ ಕಡೆಯವರಿಗೆ ಹೊಸತಲ್ಲ. ಊರಿನ ಅಳಿವೆಯಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಬಳಗವೇ ಇದು.

ಪೇಟೆಯ ಲೆಕ್ಕದಲ್ಲಿ ಇದು ಬಹುಕಾಲ ಪಾಳುಭೂಮಿಯೆನಿಸಿತ್ತು. ಮಣ್ಣು ಸುರಿದರೆ ನೆಲ, ನೆಲವಾದರೆ ಹಣ. ಈಗ ಬ್ಯಾಂಕುಗಳೂ ವಜ್ರದ ವ್ಯಾಪಾರವೂ ನೆಲೆಗೊಂಡಿರುವ ಬಾಂದ್ರಾ-ಕುರ್ಲಾ ಸಂಕೀರ್ಣವು ಎದ್ದದ್ದು ಮೀಠಿ ನದಿಯಂಚಿನ ಇಂತಹ ಜೌಗಿನ ಮೇಲೆಯೇ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನದಿಗೆ ಹರಡಿಕೊಳ್ಳಲು ಎಡೆಯಿಲ್ಲದೆ, ನೀರು ಕುರ್ಲಾ, ಕಲೀನಾಗಳ ಮನೆಗಳನ್ನು ಹೊಕ್ಕಿತು. ಅಂತಹ ಮಳೆಯನ್ನು ಯಾವ ಕಾಡೂ ಪೂರ್ತಿ ತಡೆಯಲಾರದೆಂಬುದು ನಿಜ. ಆದರೆ ನೀರು ತಂಗುತ್ತಿದ್ದ ಜಾಗವನ್ನು ನಾವೇ ತುಂಬಿಬಿಟ್ಟಿದ್ದೆವು.

ಇನ್ನು ಆ ಕೆಸರಿನ ವಿಷಯ. ಗಾಳಿಯಿಂದ ಮರ ಹೀರಿಕೊಂಡ ಇಂಗಾಲವು ಎಲೆಯಾಗಿ, ಬೇರಾಗಿ ನೆಲ ಸೇರುತ್ತದೆ. ಮಲೆನಾಡಿನ ಕಾಡಿನಲ್ಲಾದರೆ ತರಗೆಲೆ ಬೇಗನೆ ಕೊಳೆತು, ಅದರ ಬಹುಪಾಲು ಇಂಗಾಲ ಪುನಃ ಗಾಳಿಯ ಪಾಲಾಗುತ್ತದೆ. ಉಪ್ಪುನೀರಿನ ಕೆಸರಿನಲ್ಲಿ ಆಮ್ಲಜನಕವಿಲ್ಲದ ಕಾರಣ ಕೊಳೆಯುವುದು ಬಹು ನಿಧಾನ. ಭರತವು ತಂದ ಹೂಳು ಅದರ ಮೇಲೆ ಪದರ ಪದರವಾಗಿ ಕೂಡುತ್ತ ಹೋಗುತ್ತದೆ. ಇಂಗಾಲವು ಶತಮಾನಗಳವರೆಗೆ ಅಲ್ಲಿಯೇ ಹುದುಗಿರುತ್ತದೆ. ಹೀಗೆ ಈ ಕಾಡಿನ ಸಂಗ್ರಹದ ಹೆಚ್ಚಿನ ಪಾಲಿರುವುದು ಮರದಲ್ಲಲ್ಲ, ಕೆಸರಿನಲ್ಲಿ. ಕಡಿದು ಅಗೆದರೆ ಅಜ್ಜ-ಮುತ್ತಜ್ಜರ ಕಾಲದ ಆ ಠೇವಣಿಯೂ ಗಾಳಿಗೆ ಹಾರಿಹೋಗುತ್ತದೆ. ಭೂಮಿಯ ಕಾವನ್ನೂ ಹೆಚ್ಚಿಸುತ್ತದೆ.

ಒಂದು ಮರ ಕಡಿದರೆ ಬೇರೆಡೆ ಹತ್ತು ನೆಡುತ್ತೇವೆಂಬ ಆಶ್ವಾಸನೆಯನ್ನು ನಾವು ಸುಲಭವಾಗಿ ನಂಬದಿರುವುದು ಇದೇ ಕಾರಣದಿಂದ. ಸಸಿ ಕೆಲವು ವರ್ಷಗಳಲ್ಲಿ ಮರವಾದೀತು, ಕೆಸರು ಕೂಡಲು ತಲೆಮಾರುಗಳೇ ಬೇಕು. ಅಲ್ಲದೆ ಭರತದ ನೀರು ಸರಿಯಾಗಿ ಬಂದುಹೋಗದ ಕಡೆ ನೆಟ್ಟ ಸಸಿ ಉಳಿಯುವುದೂ ಕಷ್ಟ. ಮದರಾಸಿನ ದಕ್ಷಿಣಕ್ಕಿರುವ ಪಿಚ್ಚಾವರಂ ಇದಕ್ಕೆ ನಿದರ್ಶನ. ಹಿಂದೆ ಕಾಡನ್ನು ಸಾಲುಸಾಲಾಗಿ ಬೋಳಿಸಿದ್ದರಿಂದ ಅಲ್ಲಿ ನೆಲ ಕುಸಿದು, ಒಳಬಂದ ನೀರು ಹೊರಹೋಗದೆ ಆವಿಯಾಗಿ, ಉಪ್ಪು ಮಿತಿಮೀರಿತ್ತು. 1990ರ ದಶಕದಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನ ಪ್ರತಿಷ್ಠಾನ, ಅರಣ್ಯ ಇಲಾಖೆ, ಗ್ರಾಮಸ್ಥರು ಒಂದುಗೂಡಿ ಮೊದಲು ಗುದ್ದಲಿ ಹಿಡಿದರು. ಮೀನಿನ ಮುಳ್ಳಿನಂತೆ ಕವಲೊಡೆದ ಕಾಲುವೆಗಳನ್ನು ತೋಡಿ, ಭರತ-ಇಳಿತಗಳಿಗೆ ದಾರಿ ಬಿಟ್ಟರು. ಸಸಿ ನೆಟ್ಟದ್ದು ಅದಾದ ಮೇಲೆ. ಕಾಡು ಮರಳಿ ಚಿಗುರಿತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಈ ಕಾಡಿನ ಮರೆಯಲ್ಲಿದ್ದ ಹಳ್ಳಿಗಳಿಗೆ ಹಾನಿ ಕಡಿಮೆಯಾಯಿತೆಂದು ಅಧ್ಯಯನ ಮಾಡಿದವರು ಬರೆದಿದ್ದಾರೆ.

ಸೀಗಡಿ, ಏಡಿಗಳೂ ಹಲವು ಜಾತಿಯ ಮೀನಿನ ಮರಿಗಳೂ ಬೆಳೆಯುವುದು ಈ ಬೇರುಗಳ ಸಂದಿಯಲ್ಲೇ ಎಂಬುದನ್ನು ಮೀನೂಟದ ಹೋಟೆಲುಗಳ ನಮ್ಮವರಿಗೆ ನೆನಪಿಸಬೇಕಾದುದಿಲ್ಲ. ಠಾಣೆಯ ಖಾಡಿ 2022ರಲ್ಲಿಯೂ ನಮ್ಮ ಅಘನಾಶಿನಿಯ ಅಳಿವೆ 2024ರಲ್ಲಿಯೂ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಪಟ್ಟಿಗೆ ಸೇರಿವೆ.

ಕಾನೂನಿನ ಬಲವೂ ಇದೆ. ಮುಂಬಯಿಯ ಉಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರಿನ ತೀರ್ಪಿನಲ್ಲಿ ಈ ಕಾಡಿನ ನಾಶವನ್ನು ನಾಗರಿಕರ ಮೂಲಭೂತ ಹಕ್ಕಿನ ಭಂಗವೆಂದೇ ಎಣಿಸಿತು. ಸುತ್ತಲಿನ 50 ಮೀಟರಿನಲ್ಲಿ ಕಟ್ಟಡ ಕಟ್ಟುವುದನ್ನೂ ಕಾಡಿನಲ್ಲಿ ಕಸ, ಕಟ್ಟಡದ ಅವಶೇಷ ಸುರಿಯುವುದನ್ನೂ ನಿಷೇಧಿಸಿತು. ಆದರೂ ಕತ್ತಲಲ್ಲಿ ಲಾರಿಗಳು ಬಂದು ಸುರಿದುಹೋಗುವುದುಂಟು. ಹೋಟೆಲಿನ ಹಳೆಯ ಗೋಡೆ ಕೆಡವಿ ಹೊಸದಾಗಿ ಕಟ್ಟಿಸುವಾಗ ಆ ಇಟ್ಟಿಗೆಯ ಚೂರುಗಳನ್ನು ಎಲ್ಲಿ ಹಾಕುವೆಯೆಂದು ಗುತ್ತಿಗೆದಾರನನ್ನು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ? ಮಹಾರಾಷ್ಟ್ರದ ಅರಣ್ಯ ಇಲಾಖೆಯಲ್ಲಿ ಈ ಕಾಡಿಗೆಂದೇ 2012ರಿಂದ ಪ್ರತ್ಯೇಕ ಶಾಖೆಯಿದೆ. ಲಾರಿಯ ನಂಬರನ್ನು ಬರೆದುಕೊಂಡು ಅಲ್ಲಿಗೆ ದೂರು ಕೊಡಲು ಯಾರಿಗೂ ಅಡ್ಡಿಯಿಲ್ಲ.