ಇಂದ್ರಿಯಗಳ ಹೊಸ್ತಿಲು ಮತ್ತು ಮಗುವಿನ ಸ್ವಭಾವ

ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮಗಳ ಮೂಲಕವೇ ಮಗು ಜಗತ್ತನ್ನು ಅರಿಯುತ್ತದೆಂಬುದು ಸರ್ವವಿದಿತ. ಇವುಗಳೊಡನೆ ದೇಹದ ಸಮತೋಲವನ್ನು ತಿಳಿಸುವ ಒಳಗಿವಿಯ ಸಂವೇದನೆಯನ್ನೂ, ಕೈಕಾಲುಗಳ ಸ್ಥಿತಿಯನ್ನು ತಿಳಿಸುವ ಸ್ನಾಯು ಮತ್ತು ಕೀಲುಗಳ ಸಂವೇದನೆಯನ್ನೂ ಶರೀರಶಾಸ್ತ್ರವು ಸೇರಿಸುತ್ತದೆ. ಹೊರಗಿನಿಂದ ಬರುವ ಸಂದೇಶಗಳೆಲ್ಲವೂ ಮಿದುಳಿಗೆ ಒಂದೇ ತೂಕದವಲ್ಲ. ಬೇಕಾದುದನ್ನು ಹಿಡಿದು ಬೇಡವಾದುದನ್ನು ಬಿಡುವ ಕಾರ್ಯವು ನಮಗೆ ತಿಳಿಯದಂತೆಯೇ ನಡೆಯುತ್ತಿರುತ್ತದೆ. ತರಗತಿಯಲ್ಲಿ ಕುಳಿತ ವಿದ್ಯಾರ್ಥಿಯು ಅಧ್ಯಾಪಕರ ಮಾತಿಗೆ ಕಿವಿಗೊಟ್ಟಾಗ ಫ್ಯಾನಿನ ಸದ್ದು ಕೆಲವೇ ಕ್ಷಣಗಳಲ್ಲಿ ಮರೆತುಹೋಗುತ್ತದೆ. ಆಟಿಸಂ, ಅಂದರೆ ಸ್ವಲೀನತೆ ಇರುವ ಅನೇಕ ಮಕ್ಕಳಲ್ಲಿ ಈ ಆಯ್ಕೆ ಬೇರೆ ರೀತಿಯಲ್ಲಿ ನಡೆಯುತ್ತದೆ. ಇದನ್ನರಿಯದೆ ಅವರನ್ನು ಹಟಮಾರಿಗಳೆಂದು ಕರೆದು ಶಿಕ್ಷಿಸುವುದು ಮಗುವಿನ ಶರೀರಧರ್ಮವನ್ನೇ ಅಪರಾಧವೆಂದು ಎಣಿಸಿದಂತೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಈ ಸ್ಥಿತಿಯು ವೈದ್ಯಲೋಕದ ಗಮನ ಸೆಳೆಯಿತು. ಈ ಮಕ್ಕಳು ವ್ಯಾಕ್ಯೂಮ್ ಕ್ಲೀನರ್, ಲಿಫ್ಟ್, ಹರಿಯುವ ನೀರು ಮುಂತಾದವುಗಳ ಸದ್ದಿಗೂ ಚಲನೆಗೂ ಬೆಚ್ಚಿಬೀಳುತ್ತಿದ್ದುದನ್ನು ಅವರು ಅಂದೇ ಗುರುತಿಸಿದ್ದರು. ತಾನೇ ಮಾಡಿದ ಗದ್ದಲದಿಂದ ಸಂತೋಷಪಡುವ ಮಗು, ಹೇಳದೆ ಕೇಳದೆ ಮೇಲೆರಗುವ ಸದ್ದಿಗೆ ಮಾತ್ರ ತತ್ತರಿಸುತ್ತಿತ್ತು. ಆದರೂ ಸಂವೇದನೆಯ ಈ ಅತಿರೇಕ ಅಥವಾ ಕೊರತೆಯು ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಲ್ಲಿ ಸ್ವಲೀನತೆಯ ಲಕ್ಷಣಗಳಲ್ಲೊಂದಾಗಿ ಸೇರಿದ್ದು ಬಹುಕಾಲದ ನಂತರ, 2013ರ ಐದನೆಯ ಆವೃತ್ತಿಯಲ್ಲಿ.

ಇನ್ನು ಸ್ವಭಾವದ ವಿಚಾರ. 1956ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ದಂಪತಿಗಳಾದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಅವರು ನೂರಕ್ಕೂ ಹೆಚ್ಚು ಮಕ್ಕಳನ್ನು ಶೈಶವದಿಂದಲೇ ವರ್ಷಾನುವರ್ಷ ಗಮನಿಸುವ ಅಧ್ಯಯನವನ್ನು ಆರಂಭಿಸಿದರು. ಚಟುವಟಿಕೆ, ನಿಯಮಿತತೆ, ಹೊಸದರ ಬಳಿಗೆ ಹೋಗುವ ಅಥವಾ ಹಿಂಜರಿಯುವ ಗುಣ, ಒಗ್ಗಿಕೊಳ್ಳುವ ಶಕ್ತಿ ಮೊದಲಾದ 9 ಅಂಶಗಳಿಂದ ಮಗುವಿನ ಸ್ವಭಾವವನ್ನು ಅಳೆಯಬಹುದೆಂದು ಅವರು ಕಂಡುಕೊಂಡರು. ಆ ಒಂಬತ್ತರಲ್ಲಿ ‘ಸಂವೇದನೆಯ ಹೊಸ್ತಿಲು’ ಕೂಡ ಒಂದು. ಎಷ್ಟು ಸದ್ದಾದರೆ, ಎಷ್ಟು ಬೆಳಕಾದರೆ ಮಗು ಪ್ರತಿಕ್ರಿಯಿಸುತ್ತದೆ ಎಂಬ ಮಟ್ಟವೇ ಈ ಹೊಸ್ತಿಲು. ಸಂವೇದನೆಯೂ ಸ್ವಭಾವವೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ಇದರಿಂದ ಸ್ಪಷ್ಟ.

1997ರಲ್ಲಿ ಅಮೆರಿಕದ ವಿನ್ನಿ ಡನ್ ಎಂಬ ಔದ್ಯೋಗಿಕ ಚಿಕಿತ್ಸಾ ತಜ್ಞೆ ಈ ಸಂಬಂಧವನ್ನು ಇನ್ನಷ್ಟು ತಿಳಿಯಾಗಿಸಿದರು. ಹೊಸ್ತಿಲು ತಗ್ಗಾಗಿರಬಹುದು, ಎತ್ತರವಾಗಿರಬಹುದು. ಮಗು ಅದಕ್ಕೆ ಸುಮ್ಮನೆ ಒಳಗಾಗಬಹುದು ಅಥವಾ ಏನಾದರೊಂದು ಉಪಾಯ ಹೂಡಬಹುದು. ಇವೆರಡನ್ನೂ ಕೂಡಿಸಿದರೆ ನಾಲ್ಕು ಬಗೆಗಳಾಗುತ್ತವೆ. ಹೊಸ್ತಿಲು ತಗ್ಗಾಗಿದ್ದು ಸುಮ್ಮನೆ ಸಹಿಸುವ ಮಗು ಸಣ್ಣ ಸದ್ದಿಗೂ ಕಸಿವಿಸಿಗೊಳ್ಳುತ್ತದೆ. ಅದೇ ತಗ್ಗು ಹೊಸ್ತಿಲಿನ ಮತ್ತೊಂದು ಮಗು ಕಿವಿ ಮುಚ್ಚಿಕೊಳ್ಳುತ್ತದೆ, ಗುಂಪಿನಿಂದ ಓಡಿಹೋಗುತ್ತದೆ, ಒಂದೇ ಬಗೆಯ ಊಟ ಬೇಕೆನ್ನುತ್ತದೆ. ಹೊಸ್ತಿಲು ಎತ್ತರವಾಗಿದ್ದು ತಾನಾಗಿ ಅನುಭವಗಳನ್ನು ಅರಸುವ ಮಗು ಗಿರಗಿರನೆ ತಿರುಗುತ್ತದೆ, ಕಂಡದ್ದನ್ನೆಲ್ಲ ಮುಟ್ಟಿ ಮೂಸುತ್ತದೆ. ಕೊನೆಯ ಬಗೆಯ ಮಗುವಿನ ಹೊಸ್ತಿಲೂ ಎತ್ತರವೇ. ಆದರೆ ಅದು ಏನನ್ನೂ ಅರಸುವುದಿಲ್ಲ, ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ. ಒಂದೇ ಮಗುವಿನಲ್ಲಿ ಇವು ಬೆರೆತಿರುವುದೂ ಉಂಟು: ಕುಕ್ಕರಿನ ಸೀಟಿಗೆ ಚೀರುವ ಮಗುವೇ ಮೊಣಕಾಲು ತರಚಿದಾಗ ನೋವನ್ನು ತೋರದಿರಬಹುದು.

ಈ ನಾಲ್ವರಲ್ಲಿ ಓಡುವ ಮಗುವೂ ತಿರುಗುವ ಮಗುವೂ ಅಧ್ಯಾಪಕರ ಕಣ್ಣಿಗೆ ಬೇಗ ಬೀಳುತ್ತವೆ. ಒಂದಕ್ಕೆ ಮೊಂಡನೆಂದೂ ಇನ್ನೊಂದಕ್ಕೆ ತುಂಟನೆಂದೂ ಹೆಸರು ಬರುತ್ತದೆ. ಆದರೆ ಕೊನೆಯ ಬಗೆಯ ಮಗು ಯಾರಿಗೂ ತೊಂದರೆ ಕೊಡದು. ‘ಬಹಳ ಸಾಧು’ ಎಂಬ ಪ್ರಶಂಸೆಯ ಮರೆಯಲ್ಲಿ ಅದು ಕಲಿಕೆಯಿಂದ ದೂರ ಸರಿಯುತ್ತಾ ಹೋಗುತ್ತದೆ. ಸ್ವಲೀನತೆಯುಳ್ಳ ಮಕ್ಕಳಲ್ಲಿ ಹಲವರು ಹೊಸದಕ್ಕೆ ನಿಧಾನವಾಗಿ ಒಗ್ಗಿಕೊಳ್ಳುವವರು. ಅಂಥವರಲ್ಲಿ ಮೌನವನ್ನು ಸೌಮ್ಯ ಸ್ವಭಾವವೆಂದು ಭಾವಿಸಿ ಸುಮ್ಮನಾಗುವುದು ಅಪಾಯಕರ. ಕರೆದರೆ ಓಗೊಡದ ಮಗುವಿಗೆ ಮೊದಲು ಶ್ರವಣ ಪರೀಕ್ಷೆಯಾಗಬೇಕು. ಕಿವಿಯಲ್ಲಿ ದೋಷವಿಲ್ಲವೆಂದಾದರೆ ಅಲ್ಲಿಗೆ ನಿಲ್ಲಿಸದೆ ತಜ್ಞರ ಬಳಿಗೆ ಕಳುಹಿಸಬೇಕು.

ಹಾಗಾದರೆ ತಪ್ಪು ಯಾರದು? ತಾಯಿತಂದೆಯರ ಪ್ರೀತಿಯ ಕೊರತೆಯೇ ಸ್ವಲೀನತೆಗೆ ಕಾರಣವೆಂಬ ವಾದವೊಂದು ಹಿಂದೆ ಪ್ರಬಲವಾಗಿತ್ತು. 1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಎಂಬ ಮನೋವಿಜ್ಞಾನಿ, ಸ್ವತಃ ಇಂಥ ಮಗುವಿನ ತಂದೆ, ಅದನ್ನು ತಮ್ಮ ಗ್ರಂಥದಲ್ಲಿ ಖಂಡಿಸಿದರು. ಇಂದು ಆ ವಾದಕ್ಕೆ ನೆಲೆಯಿಲ್ಲ. ತಪ್ಪು ಮಗುವಿನದೂ ಅಲ್ಲ, ಮನೆಯದೂ ಅಲ್ಲ. ಥಾಮಸ್ ಮತ್ತು ಚೆಸ್ ದಂಪತಿಗಳು ಕೊಟ್ಟ ಉತ್ತರ ‘ಹೊಂದಿಕೆ’. ಮಗುವಿನ ಸ್ವಭಾವವೂ ಪರಿಸರದ ಬೇಡಿಕೆಯೂ ಹೊಂದಿಕೊಂಡಾಗ ಮಗು ಬೆಳೆಯುತ್ತದೆ, ಹೊಂದದಿದ್ದಾಗ ನಲುಗುತ್ತದೆ. ಹುಟ್ಟಿನೊಂದಿಗೆ ಬಂದ ಹೊಸ್ತಿಲನ್ನು ಗದರಿಕೆಯಿಂದ ಎತ್ತರಿಸಲೂ ಆಗದು, ತಗ್ಗಿಸಲೂ ಆಗದು. ಆದರೆ ಪರಿಸರವನ್ನು ಬದಲಾಯಿಸುವುದು ದೊಡ್ಡವರ ಕೈಯಲ್ಲಿದೆ.

ಇದಕ್ಕೆ ಬಹಳ ಹಣ ಬೇಕಿಲ್ಲ. ಗಂಟೆ ಬಾರಿಸುವ ಮುನ್ನ ಮಗುವಿಗೊಂದು ಸೂಚನೆ, ಧ್ವನಿವರ್ಧಕದಿಂದ ದೂರವಾದ ಆಸನ, ಮಿಣುಕುವ ಟ್ಯೂಬ್‌ಲೈಟಿನ ದುರಸ್ತಿ, ದಿನದ ಕಾರ್ಯಕ್ರಮವನ್ನು ಚಿತ್ರಗಳಲ್ಲಿ ತೋರಿಸುವ ಒಂದು ಹಲಗೆ, ದಣಿದಾಗ ಕುಳಿತುಕೊಳ್ಳಲು ಒಂದು ಶಾಂತವಾದ ಮೂಲೆ, ಚಡಪಡಿಸುವ ಮಗುವಿಗೆ ಪುಸ್ತಕಗಳನ್ನು ಹೊತ್ತೊಯ್ಯುವಂಥ ಕೆಲಸ, ಸಾಧು ಮಗುವಿನ ಎದುರಿಗೆ ಬಂದು ಹೆಸರು ಹಿಡಿದು ಮಾತನಾಡಿಸುವ ಅಭ್ಯಾಸ: ಇಷ್ಟರಿಂದಲೇ ಆರಂಭಿಸಬಹುದು. ಸ್ವಲೀನತೆಯನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಹೆಸರಿಸಿರುವ ಭಾರತದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಇಂಥ ಅನುಕೂಲಗಳನ್ನು ಮಗುವಿನ ಹಕ್ಕೆಂದೇ ಪರಿಗಣಿಸುತ್ತದೆ.

ಶಾಲೆಯ ಹೊಸ್ತಿಲನ್ನು ಎಲ್ಲ ಮಕ್ಕಳೂ ಒಂದೇ ಹೆಜ್ಜೆಯಲ್ಲಿ ದಾಟಲಾರರು. ಕೆಲವರಿಗೆ ಕೈಹಿಡಿಯುವವರು ಬೇಕು, ಕೆಲವರಿಗೆ ಅವಸರಪಡಿಸದೆ ಕಾಯುವವರು ಬೇಕು. ಯಾವ ಮಗುವಿಗೆ ಯಾವುದೆಂದು ಗುರುತಿಸಬಲ್ಲ ಅಧ್ಯಾಪಕರೂ, ಅವರಿಗೆ ಬೇಕಾದ ತರಬೇತಿಯನ್ನು ಒದಗಿಸುವ ದಾನಿಗಳೂ, ಹಳೆಯ ವಿದ್ಯಾರ್ಥಿಗಳೂ ಕೂಡಿದಲ್ಲಿ ಆ ಶಾಲೆ ಎಲ್ಲ ಮಕ್ಕಳ ಶಾಲೆಯಾಗುತ್ತದೆ.